ಹೂತುಹಾಕಿದ ಹೆಗೆಲ್ ಪಿಟ್ಸ್‌ಬರ್ಗ್‌ನಲ್ಲಿ ಎದ್ದು ಕೂತ ಕಥೆ

1/7

ಎಲೆಕ್ಟಿವ್ ಫಾರ್ಮ್ ತುಂಬೋ ವಾರ ಇದು. ಕ್ಲಾಸ್ ಗ್ರೂಪಿನಲ್ಲಿ ಮೂರು ದಿನದಿಂದ ಒಂದೇ ಮಾತು: "ಜರ್ಮನ್ ಐಡಿಯಲಿಸಂ ಪೇಪರ್ ತಗೊಂಡು ಏನ್ಮಾಡೋದು? ಲಾಜಿಕ್, ಭಾಷೆ, ಮನಸ್ಸು ಅಂತ ಮುಂದೆ ಓದೋರಿಗೆ ಕಾಂಟ್ ಒಂದು ಚೂರು ಗೊತ್ತಿದ್ರೆ ಸಾಕು. ಫಿಖ್ಟೆ, ಶೆಲ್ಲಿಂಗ್, ಹೆಗೆಲ್ ಎಲ್ಲ ಮ್ಯೂಸಿಯಂ ಸಾಮಾನು." ಇದಕ್ಕೆ ಲೈಕೂ ಚೆನ್ನಾಗೇ ಬಿದ್ದಿದೆ. ಇಲ್ಲಿ ಫಾಲೋ ಮಾಡ್ತಿರೋ ಡಿಗ್ರಿ ಹುಡುಗ ಹುಡುಗಿಯರೂ ಅದನ್ನೇ ಕೇಳ್ತಿದ್ದೀರಿ: ಹೆಗೆಲ್ ಓದ್ಬೇಕಾ, ಬಿಡ್ಬಹುದಾ?

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಓದ್ಬೇಕು. ಅದೂ ಅನಲಿಟಿಕ್ ಕಡೆ ಹೋಗೋರು ಓದ್ಲೇಬೇಕು. ಪರಂಪರೆಗೆ ಮರ್ಯಾದೆ ಕೊಡೋಕೆ ಅಂತ ಖಂಡಿತ ಅಲ್ಲ. "ಕಣ್ಣಾರೆ ಕಂಡಿದ್ದೀನಿ, ಇನ್ನೇನು ಪುರಾವೆ ಬೇಕು?" ಅಂತ ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳ್ತೀವಲ್ಲ, ಆ ಮಾತಿಗೆ ಎಷ್ಟು ಬೆಲೆ ಅನ್ನೋ ಪ್ರಶ್ನೆಗೆ ಅನಲಿಟಿಕ್ ತತ್ವಶಾಸ್ತ್ರ 1956ರಲ್ಲಿ ಒಂದು ಗಟ್ಟಿ ಉತ್ತರ ಕೊಡ್ತು. ಆ ಉತ್ತರದ ಎಲುಬು 1807ರಲ್ಲೇ ಹೆಗೆಲ್ ಹತ್ರ ಇತ್ತು. ಉತ್ತರ ಕೊಟ್ಟವರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವರು ನಾವು ಮಾತ್ರ.

(ಸಣ್ಣ ಟಿಪ್ಪಣಿ: ಕನ್ನಡ ಪುಸ್ತಕಗಳಲ್ಲಿ ಇದಕ್ಕೆ 'ಆದರ್ಶವಾದ' ಅಂತ ಬರೀತಾರೆ. ಆ ಪದ ನೋಡಿದ ಕೂಡಲೇ ತ್ಯಾಗ, ಖಾದಿ, ಸರಳ ಜೀವನ ನೆನಪಾಗುತ್ತೆ. ಇಲ್ಲಿರೋದು ಐಡಿಯಾದ ವಿಚಾರ, ಐಡಿಯಲ್‌ದಲ್ಲ. ಅದಕ್ಕೇ ನಾನು ಐಡಿಯಲಿಸಂ ಅಂತಲೇ ಬಿಡ್ತೀನಿ.)

2/7

ಮೊದಲು ಹೂತುಹಾಕಿದ ಕಥೆ.

1890ರ ದಶಕದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರಲ್ಲೂ ಐಡಿಯಲಿಸಂನದ್ದೇ ದರ್ಬಾರು. ಅಲ್ಲಿ ಬ್ರ್ಯಾಡ್ಲಿ, ಇಲ್ಲಿ ಮೆಕ್‌ಟ್ಯಾಗರ್ಟ್. (ಕಾಲ ಅನ್ನೋದೇ ನಿಜವಲ್ಲ ಅಂತ 1908ರಲ್ಲಿ ವಾದ ಮಾಡಿದ ಪುಣ್ಯಾತ್ಮ ಇವನೇ.) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರ ತನಕ ಪಾಠ ಮಾಡಿದ ರಾಧಾಕೃಷ್ಣನ್ ಮೇಲೂ ಬ್ರ್ಯಾಡ್ಲಿಯ ಪ್ರಭಾವ ಗಾಢವಾಗಿತ್ತು ಅಂದ್ರೆ, ಆ ಗಾಳಿ ಎಷ್ಟು ದೂರ ಬೀಸಿತ್ತು ನೋಡಿ. ಯುವಕ ರಸೆಲ್ ಕೂಡ ಆ ಪಾಳಯದವನೇ. ರೇಖಾಗಣಿತದ ಬುನಾದಿ ಬಗ್ಗೆ 1897ರಲ್ಲಿ ಅವನು ಬರೆದ ಪುಸ್ತಕ ಕಾಂಟ್ ಹಾದಿಯಲ್ಲೇ ನಡೆಯುತ್ತೆ. ಮುಂದಿನ ವರ್ಷದ ಹೊತ್ತಿಗೆ ಮೂರ್ ಮುಂದೆ, ರಸೆಲ್ ಹಿಂದೆ, ಇಬ್ಬರೂ ಪಾಳಯ ಬಿಟ್ಟು ಹೊರಗೆ ಬಂದ್ರು. 1903ರ ಮೂರ್ ಲೇಖನದ ಹೆಸರೇ 'ಐಡಿಯಲಿಸಂನ ಖಂಡನೆ'. ನಮ್ಮ ಪಠ್ಯಗಳಲ್ಲಿ ಅನಲಿಟಿಕ್ ತತ್ವಶಾಸ್ತ್ರದ ಹುಟ್ಟು ಅಂತ ಕೊಡೋದು ಇದನ್ನೇ.

ಜಗಳ ಯಾವುದಕ್ಕೆ? ಸಂಬಂಧಗಳಿಗೆ. ಸಂಬಂಧ ಅನ್ನೋದನ್ನ ಬಿಡಿಸಿ ನೋಡ್ತಾ ಹೋದ್ರೆ ವಿರೋಧಾಭಾಸ ಬರುತ್ತೆ, ಹಾಗಾಗಿ ಅದು ಬರೀ ತೋರಿಕೆ, ಕೊನೆಗೆ ಉಳಿಯೋದು ಒಂದೇ ಒಂದು ಅಖಂಡ ಅಂತ ಬ್ರ್ಯಾಡ್ಲಿ. ರಸೆಲ್‌ಗೆ ಗಣಿತ ಬೇಕಿತ್ತು. '5ಕ್ಕಿಂತ 3 ಚಿಕ್ಕದು' ಅನ್ನೋದನ್ನ ತಗೊಳ್ಳಿ. ಆ 'ಚಿಕ್ಕದು' 3ರ ಒಳಗೆ ಮಾತ್ರ ಇಲ್ಲ, 5ರ ಒಳಗೆ ಮಾತ್ರ ಇಲ್ಲ. ಎರಡನ್ನೂ ಒಂದು ಗಂಟು ಕಟ್ಟಿ ಆ ಗಂಟಿನ ಗುಣ ಅನ್ನೋಣ ಅಂದ್ರೆ, ಗಂಟು ಎರಡೂ ಕಡೆಯಿಂದ ಒಂದೇ ಥರ ಕಾಣುತ್ತೆ. ಯಾವುದು ಚಿಕ್ಕದು ಅನ್ನೋದೇ ಮಾಯ. ಸಂಬಂಧ ನಿಜ ಅಂತ ಒಪ್ಪದೆ ಗಣಿತಕ್ಕೆ ನೆಲ ಇಲ್ಲ. ಈ ರೌಂಡಿನಲ್ಲಿ ರಸೆಲ್ ಪೂರ್ತಿ ಗೆದ್ದ ಅಂತಲೇ ನಾನೂ ಹೇಳೋದು.

ಆದ್ರೆ ಯಾರನ್ನ ಗೆದ್ದ? ಬ್ರ್ಯಾಡ್ಲಿಯನ್ನ. ಬ್ರ್ಯಾಡ್ಲಿಗೆ ಯೋಚನೆ ಅನ್ನೋದು ಸತ್ಯದ ಹೊಸ್ತಿಲಲ್ಲೇ ನಿಂತುಬಿಡುತ್ತೆ. ಹೆಗೆಲ್ ಹೇಳಿದ್ದು ಹೆಚ್ಚುಕಡಿಮೆ ಉಲ್ಟಾ: ಪರಿಕಲ್ಪನೆಯ ಮೂಲಕವೇ ಸತ್ಯ ಕೈಗೆ ಸಿಗೋದು. ಒಬ್ಬನಿಗೆ ಬಿದ್ದ ಏಟನ್ನ ಇನ್ನೊಬ್ಬನ ಲೆಕ್ಕಕ್ಕೆ ಬರೆದು, ಇಬ್ಬರನ್ನೂ ಒಂದೇ ಗುಂಡೀಲಿ ಹೂತು ಬಂದ್ರು.

ಕಾಂಟ್ ಅಂತೂ ಮನೆ ಬಿಟ್ಟು ಹೋಗಿರಲೇ ಇಲ್ಲ. ಆಧುನಿಕ ಲಾಜಿಕ್‌ನ ಪಿತಾಮಹ ಫ್ರೇಗೆ ಅಂಕಗಣಿತದ ವಿಷಯದಲ್ಲಿ ಕಾಂಟ್ ಮಾತು ಒಪ್ಪಲಿಲ್ಲ, ರೇಖಾಗಣಿತದ ವಿಷಯದಲ್ಲಿ ಒಪ್ಪಿದ. ಆ ಫ್ರೇಗೆ ಜೀವನವಿಡೀ ಪಾಠ ಮಾಡಿದ ಊರು ಯಾವುದು ಗೊತ್ತಾ? ಯೇನಾ. ಫಿಖ್ಟೆ 1794ರಲ್ಲಿ ಪಾಠ ಶುರು ಮಾಡಿದ ಊರು, ಶೆಲ್ಲಿಂಗ್ ಪಾಠ ಮಾಡಿದ ಊರು, ನೆಪೋಲಿಯನ್ ಸೈನ್ಯ ಬಾಗಿಲಿಗೆ ಬಂದಾಗ ಹೆಗೆಲ್ ತನ್ನ ದೊಡ್ಡ ಪುಸ್ತಕ ಮುಗಿಸ್ತಿದ್ದ ಊರು. ನೂರು ವರ್ಷ ಆದ್ಮೇಲೆ ಅದೇ ಊರಲ್ಲಿ ಫ್ರೇಗೆ ಕ್ಲಾಸಿನಲ್ಲಿ ಕೂತು ನೋಟ್ಸ್ ತಗೊಂಡವನು ಕಾರ್ನಾಪ್. 'ಎರಡು ಲೋಕ' ಅಂತೀವಲ್ಲ, ನಕ್ಷೆಯಲ್ಲಿ ಹುಡುಕಿದ್ರೆ ಎರಡೂ ಒಂದೇ ಸಣ್ಣ ಊರು.

3/7

ಈಗ ಸೀರೆ ಅಂಗಡಿಗೆ ಹೋಗೋಣ.

ರೇಷ್ಮೆ ಸೀರೆ ತಗೊಳ್ಳುವಾಗ ಮನೆಯ ಹಿರಿಯರು ಏನ್ಮಾಡ್ತಾರೆ? ಒಳಗೆ ಲೈಟ್ ಕೆಳಗೆ ನೋಡಿ ಒಪ್ಪಲ್ಲ. ಸೀರೆ ಎತ್ಕೊಂಡು ಬಾಗಿಲ ಹತ್ರ ಹೋಗಿ ಬಿಸಿಲಿಗೆ ಹಿಡೀತಾರೆ. "ಒಳಗೆ ಹಸಿರು ಅನ್ನಿಸ್ತು, ಇದು ನೀಲಿ ಕಣೇ" ಅಂತಾರೆ.

ವಿಲ್ಫ್ರಿಡ್ ಸೆಲ್ಲರ್ಸ್ 1956ರಲ್ಲಿ ಲಂಡನ್ನಿನಲ್ಲಿ ಮೂರು ಉಪನ್ಯಾಸ ಕೊಟ್ಟ. ಅದೇ ವರ್ಷ ಅದು 'ಅನುಭವವಾದ ಮತ್ತು ಮನಸ್ಸಿನ ತತ್ವಶಾಸ್ತ್ರ' ಅನ್ನೋ ಹೆಸರಲ್ಲಿ ಅಚ್ಚಾಯ್ತು. ಅದರೊಳಗೆ ಹೆಚ್ಚುಕಡಿಮೆ ಇದೇ ಕಥೆ ಇದೆ, ಸೀರೆ ಬದಲು ನೆಕ್‌ಟೈ ಅಷ್ಟೆ. ಜಾನ್ ಅನ್ನೋ ಹುಡುಗ ಟೈ ಅಂಗಡೀಲಿ ಕೆಲಸಕ್ಕಿದ್ದಾನೆ. ಹೊಸದಾಗಿ ವಿದ್ಯುತ್ ದೀಪ ಬಂದಿದೆ. ದೀಪದಡಿ ಹಸಿರು ಅಂದ ಟೈ ಹೊರಗೆ ನೀಲಿ. ಜಾನ್‌ಗೆ ಗಲಿಬಿಲಿ. ನಿಧಾನಕ್ಕೆ ಅವನು ಒಂದು ಹೊಸ ಮಾತು ಕಲೀತಾನೆ: 'ಇದು ಹಸಿರು' ಅನ್ನೋ ಬದಲು 'ಇದು ಹಸಿರಾಗಿ ಕಾಣ್ತಿದೆ'.

ಇಲ್ಲಿ ನಿಲ್ಲಿ, ಯಾಕಂದ್ರೆ ಏಟು ಬೀಳೋದು ಇಲ್ಲೇ. ಡೆಕಾರ್ಟ್‌ನಿಂದ ಹಿಡಿದು ರಸೆಲ್ ತನಕ ಒಂದು ನಂಬಿಕೆ ಇತ್ತು. ಹೊರಗಿನ ಜಗತ್ತಿನ ಬಗ್ಗೆ ನಾನು ತಪ್ಪಬಹುದು, ಆದ್ರೆ 'ನನಗೆ ಹೀಗೆ ಕಾಣ್ತಿದೆ' ಅನ್ನೋದರಲ್ಲಿ ತಪ್ಪೋಕೆ ಸಾಧ್ಯ ಇಲ್ಲ. ಅದೇ ಅಡಿಪಾಯ, ಅದರ ಮೇಲೆ ಉಳಿದ ಮನೆ ಕಟ್ಟೋಣ. ಸೆಲ್ಲರ್ಸ್ ತೋರಿಸಿದ್ದು ಏನಂದ್ರೆ, 'ಕಾಣ್ತಿದೆ' ಅನ್ನೋ ಮಾತು ಮೊದಲು ಬರೋದೇ ಇಲ್ಲ. 'ಇದು ಹಸಿರು' ಅಂತ ಹೇಳೋಕೆ ಬಂದವನಿಗೆ ಮಾತ್ರ 'ಹಸಿರಾಗಿ ಕಾಣ್ತಿದೆ' ಅಂತ ಹಿಂಜರಿಯೋಕೆ ಬರುತ್ತೆ. ಯಾವ ಬೆಳಕು ಸರಿಯಾದ ಬೆಳಕು, ಬಣ್ಣ ಯಾವಾಗ ಮೋಸ ಮಾಡುತ್ತೆ ಅನ್ನೋದೆಲ್ಲ ಮೊದಲೇ ಗೊತ್ತಿರಬೇಕು. ಅಡಿಪಾಯ ಅಂದ್ಕೊಂಡಿದ್ದು ಮೂರನೇ ಮಹಡಿ.

ಕಲಿಯದೇನೇ ಸಿಗೋದು, ಆದ್ರೂ ಪುರಾವೆಯಾಗಿ ನಿಲ್ಲೋದು: ಈ ಎರಡೂ ಗುಣ ಒಟ್ಟಿಗೆ ಇರೋ ವಸ್ತು ಇದೆ ಅನ್ನೋ ನಂಬಿಕೆಗೆ ಸೆಲ್ಲರ್ಸ್ ಇಟ್ಟ ಹೆಸರು 'ದತ್ತದ ಮಿಥ್ಯೆ'. ದತ್ತ ಅಂದ್ರೆ ಸುಮ್ನೆ ಕೈಗೆ ಬಂದಿದ್ದು. ಮೆಣಸಿನಕಾಯಿ ನಾಲಿಗೆ ಸುಡೋದು ಒಂದು ಘಟನೆ. 'ಇದು ಖಾರ' ಅನ್ನೋದು ಒಂದು ಹೇಳಿಕೆ. ಘಟನೆ ಹೇಳಿಕೆಗೆ ಕಾರಣ ಆಗಬಹುದು. ಬರೀ ಘಟನೆ ಸಮರ್ಥನೆ ಆಗಲ್ಲ. ಕನ್ನಡದಲ್ಲಿ ಒಂದು ತೊಂದರೆ: 'ಕಾರಣ' ಅನ್ನೋ ಒಂದೇ ಪದದಲ್ಲಿ ಎರಡನ್ನೂ ತುರುಕಿದ್ದೀವಿ. ಪ್ರವಾಹಕ್ಕೂ ಕಾರಣ, ತೀರ್ಪಿಗೂ ಕಾರಣ. ಈ ವಿಷಯ ಓದುವಾಗ ಎರಡನ್ನೂ ಬೇರೆ ಬೇರೆ ಇಟ್ಕೊಳ್ಳಿ.

ಆ ಪ್ರಬಂಧದ ಮೊದಲ ಪುಟಗಳಲ್ಲೇ ಸೆಲ್ಲರ್ಸ್ ಹೆಗೆಲ್ ಹೆಸರು ಎತ್ತುತ್ತಾನೆ, 'ನೇರ ಅರಿವು' ಅನ್ನೋದರ ದೊಡ್ಡ ಶತ್ರು ಅಂತ. ಅನಲಿಟಿಕ್ ಓದುಗರು ಆ ಸಾಲನ್ನ ದಾಟಿ ಹೋಗೋಕೆ ಹಲವು ವರ್ಷ ಅಭ್ಯಾಸ ಮಾಡ್ಕೊಂಡ್ರು.

4/7

ಹಾಗಾದ್ರೆ ಹೆಗೆಲ್ ಹತ್ರ ಏನಿತ್ತು? 'ಚೈತನ್ಯದ ವಿದ್ಯಮಾನಶಾಸ್ತ್ರ'ದ ಮೊದಲ ಅಧ್ಯಾಯ ತೆಗೀರಿ. ಕೆಲವೇ ಪುಟ. ಅಲ್ಲಿ ಒಬ್ಬ ಕಾಲ್ಪನಿಕ ವ್ಯಕ್ತಿ ಹೇಳ್ತಾನೆ: ನನಗೆ ಸಿದ್ಧಾಂತ ಬೇಡ, ಪದ ಬೇಡ, ನನ್ನ ಮುಂದೆ 'ಇದು' ಇದೆ, 'ಈಗ' ಇದೆ, 'ಇಲ್ಲಿ' ಇದೆ, ಇದಕ್ಕಿಂತ ಶ್ರೀಮಂತ ಅರಿವು ಯಾವುದಿದೆ? ಹೆಗೆಲ್ ಜಗಳ ಆಡಲ್ಲ. ಸರಿ ಮಾರಾಯ, ಅದನ್ನೇ ಬರೆದಿಡು ಅಂತಾನೆ. ಅವನು ಈಗ ರಾತ್ರಿ ಅಂತ ಬರೀತಾನೆ. ನಾಳೆ ಮಧ್ಯಾಹ್ನ ಚೀಟಿ ತೆಗೆದು ಓದಿದ್ರೆ?

ನಮಗೆ ಇದು ಹೊಸದೇನಲ್ಲ. ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೀತಿದ್ದ ಕಥೆ ನೀವೆಲ್ಲ ಕೇಳಿದ್ದೀರಿ. ದೆವ್ವ ಬರುತ್ತೆ, ಓದುತ್ತೆ, ವಾಪಸ್ ಹೋಗುತ್ತೆ. ಮರುದಿನ ಬರುತ್ತೆ, ಮತ್ತೆ 'ನಾಳೆ'. ಪಾಪ, ಆ ದೆವ್ವಕ್ಕೆ ತಾರೀಖು ಇಟ್ಕೊಳ್ಳೋ ಅಭ್ಯಾಸ ಇರಲಿಲ್ಲ. ಹೆಗೆಲ್ ಹೇಳೋದೂ ಅದೇ. 'ಈಗ' ಅನ್ನೋದು ಅತ್ಯಂತ ನಿರ್ದಿಷ್ಟ ಅನ್ಕೊಂಡ್ರಿ. ಅದು ಎಲ್ಲಾ ಗಳಿಗೆಗೂ ಅಂಟೋ ಪದ, ಹಾಗಾಗಿ ಅತ್ಯಂತ ಖಾಲಿ. ನಿಮ್ಮ 'ಈಗ' ಯಾವುದು ಅಂತ ಹಿಡಿದಿಡೋಕೆ ಹಗಲು ರಾತ್ರಿ ಅನ್ನೋ ಭೇದ ಬೇಕು, ಮುಂಚೆ ಆಮೇಲೆ ಬೇಕು, ಎಣಿಕೆ ಬೇಕು. ಪರಿಕಲ್ಪನೆಗಳನ್ನ ಮುಂಬಾಗಿಲಿಂದ ಓಡಿಸಿದ್ರೆ ಹಿತ್ತಲಿಂದ ಒಳಗೆ ಬಂದು ಕೂತಿರ್ತವೆ.

ಕ್ಯಾಪ್ಲನ್ ಓದಿದವರು ತಕ್ಷಣ ಕೈ ಎತ್ತುತ್ತೀರಿ: "ಇದು ಬರೀ 'ನಾನು, ಇಲ್ಲಿ, ಈಗ' ಪದಗಳ ತಮಾಷೆ. ಆ ಪದಕ್ಕೊಂದು ನಿಯಮ ಇದೆ, ಸಂದರ್ಭ ಸೇರಿಸಿದ್ರೆ ಅರ್ಥ ಗೊತ್ತುಪಡುತ್ತೆ, ಹೆಗೆಲ್ ಗೊಂದಲ ಮಾಡ್ಕೊಂಡ." ನನಗೆ ಇದು ಹೆಗೆಲ್ ಪರ ಸಾಕ್ಷಿ ಥರ ಕೇಳುತ್ತೆ. ಒಂದು ಸಾಮಾನ್ಯ ನಿಯಮ, ಒಂದು ಸಂದರ್ಭ ಎರಡೂ ಇಲ್ಲದೆ 'ಈಗ' ಯಾವುದನ್ನೂ ಹಿಡಿಯಲ್ಲ ಅಂತ ನೀವೇ ಹೇಳಿದ್ರಲ್ಲ? 'ನೇರ ಅರಿವು' ಎಲ್ಲಿ ಉಳೀತು?

5/7

ಇಲ್ಲಿಂದ ನನಗೆ ನಿಜಕ್ಕೂ ತಲೆಬಿಸಿ ತರೋ ಭಾಗ.

ಲಾಕ್, ಹ್ಯೂಮ್ ಕಾಲದಲ್ಲಿ ಅರಿವಿನ ಮೂಲ ಘಟಕ ಅಂದ್ರೆ ಮನಸ್ಸಿನೊಳಗಿನ ಒಂದು ಚಿತ್ರ. ಚಿತ್ರಗಳನ್ನ ಜೋಡಿಸಿದ್ರೆ ಯೋಚನೆ. ಕಾಂಟ್ 1781ರಲ್ಲಿ ಅದನ್ನ ತಲೆಕೆಳಗು ಮಾಡಿದ: ಮೊದಲು ಬರೋದು ತೀರ್ಪು, 'ಹೀಗಿದೆ' ಅನ್ನೋ ಪೂರ್ತಿ ಹೇಳಿಕೆ, ಪರಿಕಲ್ಪನೆ ಅನ್ನೋದು ತೀರ್ಪಿನೊಳಗೆ ಅದು ಮಾಡೋ ಕೆಲಸ. ಪದದ ಅರ್ಥವನ್ನ ವಾಕ್ಯದೊಳಗೇ ಕೇಳಬೇಕು ಅಂತ 1884ರಲ್ಲಿ ಫ್ರೇಗೆ ಹೇಳಿದ್ದು ಇದರ ತಮ್ಮನ ಹಾಗಿದೆ. ಯಾಕೆ ತೀರ್ಪೇ ಮೊದಲು? ರಾಬರ್ಟ್ ಬ್ರ್ಯಾಂಡಮ್ ಕೊಡೋ ಉತ್ತರ ನನಗೆ ಇಷ್ಟ: ನೀವು ಜವಾಬ್ದಾರಿ ಹೊರಬಹುದಾದ ಅತಿ ಚಿಕ್ಕ ವಸ್ತು ಅದೇ. 'ಕೆಂಪು' ಅಂತ ಸುಮ್ನೆ ಒಂದು ಪದ ಹೇಳಿದ್ರೆ ಯಾರೂ ನಿಮ್ಮ ಕೊರಳಪಟ್ಟಿ ಹಿಡಿಯಲ್ಲ. 'ಸಿಗ್ನಲ್ ಕೆಂಪಿತ್ತು' ಅಂದ್ರೆ ಹಿಡೀತಾರೆ.

ಬ್ರ್ಯಾಂಡಮ್ ಬಳಸೋ ಉದಾಹರಣೆ ಒಂದು ಗಿಳಿ. ಕೆಂಪು ಕಂಡಾಗೆಲ್ಲ 'ಕೆಂಪು' ಅನ್ನೋ ಹಾಗೆ ಪಳಗಿಸಿದ್ದಾರೆ. ತಪ್ಪೋದೇ ಇಲ್ಲ. ಆದ್ರೂ ಗಿಳಿಗೆ ಕೆಂಪು ಅಂದ್ರೇನು ಗೊತ್ತಾ? ಕೆಂಪಾದ್ರೆ ಹಸಿರಲ್ಲ, ಕೆಂಪಾದ್ರೆ ಅದಕ್ಕೆ ಬಣ್ಣ ಇದೆ, ಇದ್ಯಾವುದೂ ಅದಕ್ಕೆ ಹೊಳೆಯಲ್ಲ. ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಅಂದ ಮಾತ್ರಕ್ಕೆ ಕಬ್ಬಿಣಕ್ಕೆ ಮಳೆಯ ಪರಿಕಲ್ಪನೆ ಇದೆ ಅನ್ನಲ್ಲ. ಒಂದು ಹೇಳಿಕೆಯಿಂದ ಏನು ಹಿಂಬಾಲಿಸುತ್ತೆ, ಅದು ಯಾವುದರ ಜೊತೆ ಸೇರಲ್ಲ, ಅದಕ್ಕೆ ಆಧಾರ ಏನು ಅನ್ನೋ ಬಲೆಯೊಳಗೆ ಓಡಾಡೋಕೆ ಬಂದ್ರೆ ಪರಿಕಲ್ಪನೆ.

ಈಗ ಚಾಟ್‌ಬಾಟ್ ತಗೊಳ್ಳಿ. ನಾವು ಅದನ್ನ 'ಗಿಳಿ' ಅಂತ ಬೈದು ಮುಗಿಸ್ತೀವಿ. ಬ್ರ್ಯಾಂಡಮ್ ಅಳತೆಗೋಲು ಇಟ್ಟರೆ ಅಷ್ಟು ಸುಲಭಕ್ಕೆ ಮುಗಿಯಲ್ಲ. ಗಿಳಿಗೆ ಬರದ ಕೆಲಸವೇ ಇದಕ್ಕೆ ಬರುತ್ತೆ: ಕೆಂಪಾದ್ರೆ ಏನಲ್ಲ ಅಂತ ಕೇಳಿ, ಹತ್ತು ಸಾಲು ಹೇಳುತ್ತೆ. ಹಾಗಾದ್ರೆ ಏನು ಕಮ್ಮಿ? ನನ್ನ ಉತ್ತರ ಕಾಂಟ್‌ನಿಂದ ಬರುತ್ತೆ. ಹೇಳಿದ ಮಾತನ್ನ ತನ್ನದು ಅಂತ ಹೊರೋದು. ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳೋದಕ್ಕೂ ತಾಳೆ ಇಲ್ಲ ಅಂತ ತೋರಿಸಿದಾಗ ಯಾವುದೋ ಒಂದನ್ನ ಬಿಡಬೇಕಲ್ಲ ಅನ್ನೋ ಒತ್ತಡ. ಇದು ಯಂತ್ರಕ್ಕೆ ಎಂದೂ ಬರಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಪ್ರಶ್ನೆ ಕೇಳಬೇಕಾದ್ದು ಅಲ್ಲಿ, 'ಒಳಗೆ ಅನುಭವ ಇದೆಯಾ' ಅನ್ನೋ ಕಡೆ ಮಾತ್ರ ಅಲ್ಲ. ಮನಸ್ಸಿನ ತತ್ವಶಾಸ್ತ್ರ ಓದೋರಿಗೆ ಐಡಿಯಲಿಸಂ ಬೇಡ ಅಂದವರೇ, ಈ ಪ್ರಶ್ನೆಯನ್ನ ನೀವು ಯಾರ ಹತ್ರ ಕಲೀತೀರಿ?

ಹೆಗೆಲ್ ಇಲ್ಲಿ ಇನ್ನೊಂದು ಹೆಜ್ಜೆ ಇಡ್ತಾನೆ. ಮಾತು ಕೊಡೋದು ನನ್ನ ಕೈಲಿದೆ. ಕೊಟ್ಟ ಮೇಲೆ ಅದರ ಅರ್ಥ ನನ್ನೊಬ್ಬನ ಕೈಲಿಲ್ಲ. 'ಸಂಜೆ ಬರ್ತೀನಿ' ಅಂದವನು ರಾತ್ರಿ ಹನ್ನೊಂದಕ್ಕೆ ಬಂದು 'ನನ್ನ ಪ್ರಕಾರ ಇದೇ ಸಂಜೆ' ಅಂದ್ರೆ ನಗ್ತೀವಿ. ಕೊಟ್ಟ ಮಾತಿನ ಅಳತೆ ಪೂರ್ತಿ ಅವನದೇ ಆದ್ರೆ ಅವನು ಮಾತೇ ಕೊಟ್ಟಿಲ್ಲ. ಇನ್ನೊಬ್ಬರು ನನ್ನನ್ನ ಪ್ರಶ್ನಿಸಬಲ್ಲವರು ಅಂತ ನಾನು ಮನ್ನಣೆ ಕೊಡಬೇಕು. ಅವರೂ ನನಗೆ ಕೊಡಬೇಕು. ಒಡೆಯ ಮತ್ತು ಆಳಿನ ಪ್ರಸಿದ್ಧ ಭಾಗದಲ್ಲಿ ಒಡೆಯ ಸೋಲೋದು ಇಲ್ಲೇ: ಪ್ರಶ್ನೆ ಕೇಳೋ ಹಕ್ಕಿಲ್ಲದವನಿಂದ ಬಂದ ಮನ್ನಣೆ ಅವನಿಗೆ ಏನೂ ಕೊಡಲ್ಲ. 'ಇದು ನನ್ನ ಫೀಲಿಂಗ್, ಪ್ರಶ್ನಿಸಬೇಡಿ' ಅಂತ ಸ್ಟೋರಿ ಹಾಕಿ ಕಾಮೆಂಟ್ ಆಫ್ ಮಾಡೋರನ್ನ ನೋಡಿದಾಗೆಲ್ಲ ನನಗೆ ಆ ಒಡೆಯ ನೆನಪಾಗ್ತಾನೆ.

6/7

ಎದುರು ಪಕ್ಷಕ್ಕೆ ಬಲ ಇಲ್ಲ ಅಂತಲ್ಲ. ನನಗೆ ಗಟ್ಟಿ ಅನ್ನಿಸೋ ಆಕ್ಷೇಪ ಗ್ಯಾರೆತ್ ಎವನ್ಸ್‌ದು, 1982ರಲ್ಲಿ ಅವನು ತೀರಿಕೊಂಡ ಮೇಲೆ ಬಂದ ಪುಸ್ತಕದಲ್ಲಿದೆ. ಕಣ್ಣು ಗುರುತಿಸೋ ಬಣ್ಣದ ಛಾಯೆಗಳು ನಮ್ಮ ಹತ್ರ ಇರೋ ಬಣ್ಣದ ಪದಗಳಿಗಿಂತ ಎಷ್ಟೋ ಪಾಲು ಹೆಚ್ಚು. ಮತ್ತೆ ಆ ಸೀರೆ ಅಂಗಡಿಗೆ ಬನ್ನಿ: ಒಂದೇ 'ನೀಲಿ' ಹೆಸರಲ್ಲಿ ಇಪ್ಪತ್ತು ಸೀರೆ ಹರವಿದ್ದಾರೆ, ಇಪ್ಪತ್ತೂ ಬೇರೆ ಅಂತ ಕಣ್ಣಿಗೆ ಗೊತ್ತು, ಬಾಯಿಗೆ ಇಪ್ಪತ್ತು ಹೆಸರಿಲ್ಲ. ಹಾಗಾದ್ರೆ ಅನುಭವದಲ್ಲಿ ಪರಿಕಲ್ಪನೆಗೆ ಮೀರಿದ್ದು ಇದೆ ಅಂತಾಯ್ತಲ್ಲ? ಮಾತು ಬಾರದ ಕೂಸು, ಬೀದಿ ನಾಯಿ ಕೂಡ ಜಗತ್ತನ್ನ ಕಾಣ್ತವೆ.

ಜಾನ್ ಮೆಕ್‌ಡೋವೆಲ್ 1994ರ 'ಮನಸ್ಸು ಮತ್ತು ಜಗತ್ತು' ಪುಸ್ತಕದಲ್ಲಿ ಉತ್ತರ ಕೊಡ್ತಾನೆ: ಹೆಸರಿಲ್ಲದಿದ್ರೆ ಏನಂತೆ, 'ಈ ಛಾಯೆ' ಅನ್ನಬಹುದು, ಅದೂ ಪರಿಕಲ್ಪನೆಯೇ. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. 'ಇದು' ಅನ್ನೋ ಪದವನ್ನ ಹೆಗೆಲ್ ಚಿಂದಿ ಮಾಡಿದ್ದು ನಾಲ್ಕನೇ ಕಂತಿನಲ್ಲಿ ನೋಡಿದ್ವಲ್ಲ, ಹೆಗೆಲ್ ಶಿಷ್ಯ ಅದೇ ಪದದ ಬೆನ್ನಿಗೆ ನಿಲ್ಲೋದಾ? ಆದ್ರೆ ಮೆಕ್‌ಡೋವೆಲ್ ಒಂದು ಷರತ್ತು ಹಾಕ್ತಾನೆ: ಆ ಛಾಯೆ ಕಣ್ಮುಂದಿಂದ ಹೋದ ಮೇಲೂ, ಸ್ವಲ್ಪ ಹೊತ್ತಾದ್ರೂ, ಅದನ್ನ ನೆನಪಲ್ಲಿಟ್ಟು ಯೋಚನೆಯಲ್ಲಿ ಬಳಸೋಕೆ ಬರಬೇಕು. ಅಂದ್ರೆ ಬೆರಳು ತೋರಿಸಿದ್ರೆ ಸಾಲದು. ಹೆಗೆಲ್ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೂಸು, ನಾಯಿ ವಿಷಯದಲ್ಲಿ ಮಾತ್ರ ಮೆಕ್‌ಡೋವೆಲ್ ಉತ್ತರ ನನಗೆ ಇನ್ನೂ ತೃಪ್ತಿ ಕೊಟ್ಟಿಲ್ಲ.

ಬ್ರ್ಯಾಂಡಮ್‌ನ ದೊಡ್ಡ ಪುಸ್ತಕವೂ ಅದೇ 1994ರಲ್ಲೇ ಬಂತು. ಇಬ್ಬರೂ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು, ಸೆಲ್ಲರ್ಸ್ ಕೊನೆಯ ದಶಕಗಳನ್ನ ಕಳೆದ ಜಾಗ. ಇಬ್ಬರೂ ಹೆಗೆಲ್‌ಗೆ ಋಣಿ ಅಂತಾರೆ, ಆದ್ರೂ ಒಮ್ಮತ ಇಲ್ಲ. ಮೆಕ್‌ಡೋವೆಲ್‌ಗೆ ಜಗತ್ತು ನಮ್ಮ ಯೋಚನೆಗೆ ತಡೆ ಒಡ್ಡೋದು ಮುಖ್ಯ. ಇಲ್ಲದಿದ್ರೆ ಯೋಚನೆ ಗಾಳಿಯಲ್ಲಿ ಗಿರಗಿರ ತಿರುಗೋ ಚಕ್ರ. ಬ್ರ್ಯಾಂಡಮ್‌ಗೆ ಒಬ್ಬರನ್ನೊಬ್ಬರು ಲೆಕ್ಕ ಕೇಳೋ ಸಮಾಜ ಮುಖ್ಯ. ನಾನು ಬ್ರ್ಯಾಂಡಮ್ ಕಡೆ ವಾಲ್ತೀನಿ, ಸಂದೇಹ ಇಟ್ಕೊಂಡೇ: ಇಡೀ ಊರೇ ಸೇರಿ ತಪ್ಪಿದ್ರೆ ಹೊರಗಿನಿಂದ ಯಾರು ಹೇಳ್ತಾರೆ?

ಅಂದ ಹಾಗೆ ಭಾರತೀಯ ತತ್ವಶಾಸ್ತ್ರ ಪೇಪರ್ ಮುಗಿಸಿದವರಿಗೆ ಇದು ಎಲ್ಲೋ ಕೇಳಿದ ಹಾಗಿರಬೇಕು. ಪ್ರತ್ಯಕ್ಷ ಅಂದ್ರೆ ಕಲ್ಪನೆಯ ಸೋಂಕಿಲ್ಲದ್ದು ಅಂದ ದಿಙ್ನಾಗ, ಪದ ಬೆರೆಯದ ಅರಿವೇ ಇಲ್ಲ ಅಂದ ಭರ್ತೃಹರಿ, ನಿರ್ವಿಕಲ್ಪಕ ಸವಿಕಲ್ಪಕ ಅಂತ ಎರಡು ಮೆಟ್ಟಿಲು ಮಾಡಿದ ನೈಯಾಯಿಕರು. ಎರಡೂ ಒಂದೇ ಅಂತ ಹೇಳೋ ಆತುರ ಬೇಡ. ಅವರ ಪ್ರಶ್ನೆಯ ಬೇರು ಬೇರೆ ಕಡೆ ಇದೆ. ಆದ್ರೆ ಅದನ್ನ ಓದಿದವರಿಗೆ ಸೆಲ್ಲರ್ಸ್ ಬೇಗ ದಕ್ಕುತ್ತಾನೆ, ಇದು ಖಾತ್ರಿ.

7/7

ಎರಡು ದೂರು ಬರುತ್ತೆ ಅಂತ ಗೊತ್ತು.

ಒಂದು, ಹೆಗೆಲ್ ಬರವಣಿಗೆ. ಒಪ್ಪಿದೆ, ಕಬ್ಬಿಣದ ಕಡಲೆ. ಕೆಲವು ಕಡೆ ಕಡಲೆಯೂ ಇಲ್ಲ, ಬರೀ ಕಬ್ಬಿಣ. ಇತಿಹಾಸಕ್ಕೊಂದು ಗುರಿ ಇದೆ, ಅದು ತನ್ನ ಕಾಲದ ಯುರೋಪಿನ ಕಡೆಗೇ ಬಂತು ಅನ್ನೋ ಭಾಗವನ್ನ ನಾನು ಉಳಿಸಿಕೊಳ್ಳೋಕೆ ಹೋಗಲ್ಲ.

ಎರಡನೇದು ಇನ್ನೂ ಗಂಭೀರ. ಆಫ್ರಿಕಾದ ಬಗ್ಗೆ, ಭಾರತದ ಬಗ್ಗೆ ಹೆಗೆಲ್ ಹೇಳಿದ ಮಾತುಗಳು ಇವತ್ತು ಓದಿದ್ರೆ ಮೈ ಉರಿಯುತ್ತೆ. ಜನಾಂಗಗಳ ಬಗ್ಗೆ ಕಾಂಟ್ ಬರೆದದ್ದೂ ಹಾಗೇ. ಭಗವದ್ಗೀತೆ ಕುರಿತು ಹುಂಬೋಲ್ಟ್ ಬರೆದದ್ದರ ಮೇಲೆ ಹೆಗೆಲ್ 1827ರಲ್ಲಿ ದೀರ್ಘ ವಿಮರ್ಶೆ ಬರೆದ. ಅಂದ್ರೆ ಓದದೆ ಮಾತಾಡಿದ ಅನ್ನೋ ಹಾಗೂ ಇಲ್ಲ, ಅನುವಾದಗಳಲ್ಲಿ ಸಿಕ್ಕಷ್ಟು ಓದಿ ಮಾತಾಡಿದ. ಇದನ್ನ 'ಆ ಕಾಲ ಹಾಗಿತ್ತು' ಅಂತ ಒರೆಸಿ ಹಾಕೋದು ನನಗೆ ಒಪ್ಪಿಗೆ ಇಲ್ಲ. ಎದುರಿನವರು ತಿರುಗಿ ಪ್ರಶ್ನಿಸಬಲ್ಲರು ಅಂತ ಒಪ್ಪದೆ ಕೊಟ್ಟ ತೀರ್ಪು ಕೆಟ್ಟ ತೀರ್ಪು ಅನ್ನೋದು ಅವನದೇ ಪಾಠ; ಆ ಪಾಠದಲ್ಲಿ ಅವನೇ ಫೇಲ್. ಪೇಪರ್ ತಗೊಳ್ಳಿ ಅಂದಿದ್ದು ಆರತಿ ಎತ್ತೋಕಲ್ಲ. ಈ ಪುಟಗಳನ್ನೂ ಕ್ಲಾಸಿನಲ್ಲಿ ತೆಗೆಸಿ ಓದಿಸಿ.

ಓದೋ ಕ್ರಮ ಕೇಳಿದವರಿಗೆ: ಹೆಗೆಲ್‌ನಿಂದ ಶುರು ಮಾಡಬೇಡಿ. ಸೆಲ್ಲರ್ಸ್ ಪ್ರಬಂಧದ ಮೂರನೇ ಭಾಗ, ಆ ಟೈ ಅಂಗಡಿ, ಒಂದು ಸಂಜೆಗೆ ಸಾಕು. ಆಮೇಲೆ ಹೆಗೆಲ್‌ನ ಮೊದಲ ಅಧ್ಯಾಯ ಮಾತ್ರ. ಇಂಗ್ಲಿಷಿನಲ್ಲಿ ಮಿಲ್ಲರ್ ಅನುವಾದ 1977ರದ್ದು, ಪಿಂಕಾರ್ಡ್ ಅನುವಾದ 2018ರದ್ದು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡ್ರೆ ಒಂದು ಅರ್ಥ ಆಗದ ಕಡೆ ಇನ್ನೊಂದು ಕೈ ಹಿಡಿಯುತ್ತೆ. ಅದಾದ್ಮೇಲೆ ಮೆಕ್‌ಡೋವೆಲ್‌ನ ಮೊದಲ ಉಪನ್ಯಾಸ. ಬ್ರ್ಯಾಂಡಮ್ 2019ರಲ್ಲಿ ಹೆಗೆಲ್ ಮೇಲೆ ತಂದ ಪುಸ್ತಕ ಇಟ್ಟಿಗೆ ಗಾತ್ರದ್ದು, ಅದು ಬೇಸಿಗೆ ರಜೆಗೆ ಇರಲಿ.

ಒಪ್ಪದವರು ಕೆಳಗೆ ಕಾರಣ ಬರೀರಿ, ಎರಡನೇ ಅರ್ಥದ ಕಾರಣ. ಕಾಮೆಂಟ್ ಆನ್ ಇದೆ.